ಕೋನಪ್ಪನ ಎಂಟನೇ ಬೆಟ್ಟ

ಮಾಲಿಗೆ ಬೆಲೆ ಕಟ್ಟುವ ಹಾಗೆ ಕೋನಪ್ಪನಿಗೆ ಬೆಲೆ ಕಟ್ಟಲು ಹೋದರೆ ವ್ಯಾಪಾರ ಕುದುರುವುದು ಕಷ್ಟ. ಎತ್ತರ ಐದಡಿ ಮೂರಂಗುಲ. ತೂಕ ನಲವತ್ತೆಂಟು ಕೇಜಿ. ಅದರಲ್ಲಿ ಕಾಲು ಕೇಜಿ ಉಗುರಿನ ಸಂದಿಯಲ್ಲೂ ಕಿವಿಯ ಹಿಂದೆಯೂ ಉಳಿದುಹೋದ ಪೇಂಟು. ವಯಸ್ಸು ಅರವತ್ತೊಂದು, ಆದರೆ ಮೇಲಿನ ಪಾಲಿಶ್ ಹೋಗಿರುವುದರಿಂದ ಎಪ್ಪತ್ತು ಎಂದು ಹೇಳಿದರೂ ಗಿರಾಕಿ ನಂಬುತ್ತಾನೆ. ಬಲಗಣ್ಣು ಒರಿಜಿನಲ್. ಎಡಗಣ್ಣಿನ ಪೊರೆ ಹೋದ ವರ್ಷ ತೆಗೆಸಿದ್ದು. ಬೀಡಿ ಉಂಟು, ಕುಡಿತ ಇಲ್ಲ. ಮಾತು ಕಮ್ಮಿ, ಅದು ಒಳ್ಳೆಯದು. ಕೆಲಸ ಅದಕ್ಕಿಂತ ನಿಧಾನ, ಅದು ಒಳ್ಳೆಯದಲ್ಲ. ಇಂಥ ಮಾಲು ನನ್ನ ಅಂಗಡಿಗೆ ಬಂದಿದ್ದರೆ ಹಿಂದಿನ ಗೋಡೆಗೆ ಒರಗಿಸಿಟ್ಟು, ಯಾರು ಕೇಳಿದರೂ ಕೇಳಿದ ರೇಟಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ.

ಮೂವತ್ತೊಂದು ವರ್ಷದಿಂದ ಚಿಂತಾಮಣಿಯಲ್ಲಿ ಪೇಂಟು, ಟೈಲ್ಸು, ನಲ್ಲಿ, ಬೇಸಿನ್ನು ಮಾರಿಕೊಂಡು ಬಂದವನು ನಾನು. ಹೆಸರು ಮೋಹನ್‌ಬಾಬು. ಗಿರಾಕಿಗಳಿಗೆ ಬಾಬಣ್ಣ. ನನ್ನ ಅಂದಾಜು ತಪ್ಪುವುದು ಅಪರೂಪ, ತಪ್ಪಿದರೂ ಒಪ್ಪಿಕೊಳ್ಳುವುದು ಇನ್ನೂ ಅಪರೂಪ. ಕೋನಪ್ಪನ ವಿಷಯದಲ್ಲಿ ಎರಡೂ ಆಯಿತು.

ನಮ್ಮಿಬ್ಬರದು ಒಂದೇ ಹೈಸ್ಕೂಲು. ಸೇರುವಾಗ ಅವನು ನನಗಿಂತ ಎರಡು ಕ್ಲಾಸು ಮುಂದೆ. ಆಮೇಲೆ ಇಬ್ಬರೂ ಒಂದೇ ಕ್ಲಾಸು. ಆಮೇಲೆ ನಾನು ಮುಂದೆ. ಅವನು ಕ್ಲಾಸಿನಲ್ಲಿ ಕಿಟಕಿಯ ಪಕ್ಕವೇ ಕೂರುತ್ತಿದ್ದ, ಯಾಕೆಂದರೆ ಆ ಕಿಟಕಿಯಿಂದ ಅಂಬಾಜಿದುರ್ಗ ಕಾಣುತ್ತಿತ್ತು. ಅವನ ಊರು ಇರುವುದು ಆ ಬೆಟ್ಟದ ಬುಡದಲ್ಲೇ. ದಿನಾ ಬೆಳಿಗ್ಗೆ ಅದನ್ನೇ ನೋಡಿಕೊಂಡು ಹೊರಟು, ಸ್ಕೂಲಿಗೆ ಬಂದು ಮತ್ತೆ ಅದನ್ನೇ ನೋಡುತ್ತಿದ್ದ. ಮೇಷ್ಟ್ರು ಒಮ್ಮೆ ಕೇಳಿದರು, "ಏನೋ ಕೋನಪ್ಪ, ಅಲ್ಲೇನು ನಿಮ್ಮತ್ತೆ ಮಗಳು ನಿಂತವ್ಳಾ?" ಇವನು ಎದ್ದು ನಿಂತು ವಿನಯವಾಗಿ, "ಇಲ್ಲ ಸಾರ್, ಬೆಟ್ಟ ಕೂತೈತೆ" ಅಂದ. ಏಟು ಬಿತ್ತು.

ಹತ್ತನೇ ಕ್ಲಾಸಿಗೆ ಶರಣು ಹೊಡೆದು ಬೋರ್ಡು ಬರೆಯುವುದಕ್ಕೆ ಇಳಿದ. ಅಂಗಡಿ ಬೋರ್ಡು, ಟ್ರ್ಯಾಕ್ಟರಿನ ಟ್ರೈಲರು, ಟೊಮೇಟೊ ಲಾರಿಯ ಹಿಂಬದಿ, ಆಮೇಲೆ ದೇವರು. ದೇವರಲ್ಲೇ ಅವನ ಕೈ ಪಳಗಿದ್ದು. ಮುಖ ಬರೆದರೆ ಒಂದು ಕಳೆ ಇರುತ್ತಿತ್ತು. ಅದಕ್ಕೆ ಯಾರೂ ತಕರಾರು ಎತ್ತುತ್ತಿರಲಿಲ್ಲ. ತಕರಾರೆಲ್ಲ ಹಿಂದಿನ ಬೆಟ್ಟದ್ದು. ಯಾವ ದೇವರನ್ನು ಬರೆದರೂ ಹಿಂದೆ ಅಂಬಾಜಿದುರ್ಗವೇ ಬಂದು ಕೂರುತ್ತಿತ್ತು. ಅದೇ ಗುಂಡುಗುಂಡು ಬಂಡೆ, ಅದೇ ಬೋಳು ನೆತ್ತಿ, ಅದೇ ಕಡೆಗೆ ಅದೇ ಎರಡು ಸೀತಾಫಲದ ಗಿಡ. ಸುಬ್ರಹ್ಮಣ್ಯ ಸ್ವಾಮಿಯ ನವಿಲು ನಿಂತದ್ದು ಆ ಬಂಡೆಯ ಮೇಲೆ. ಮಹಿಷಾಸುರ ಸತ್ತು ಬಿದ್ದದ್ದು ಆ ಬಂಡೆಯ ಕೆಳಗೆ.

ಒಂದು ಸಲ ಗೌರಿಬಿದನೂರು ಕಡೆಯ ಒಬ್ಬರು ಲಾರಿಯ ಮೇಲೆ ಶಿವನನ್ನು ಬರೆಸಿದರು. ಕ್ಯಾಲೆಂಡರಿನ ಚಿತ್ರ ಕೈಗೆ ಕೊಟ್ಟು, ಹಿಂದೆ ಬೆಳ್ಳಗೆ ಹಿಮ ಇರಲಿ ಅಂತ ಮೂರು ಸಲ ಹೇಳಿ ಹೋಗಿದ್ದರು. ವಾರ ಬಿಟ್ಟು ಬಂದು ನೋಡಿದರೆ ಶಿವ ಕಾಲು ಮಡಚಿ ಬಂಡೆಯ ಮೇಲೆ ಕೂತಿದ್ದಾನೆ.

"ಇದು ಕೈಲಾಸಾನಾ?"

"ಹೂಂ."

"ಹಿಮ ಎಲ್ಲಪ್ಪ?"

ಕೋನಪ್ಪ ಬ್ರಷ್ಷು ಒರೆಸುತ್ತಾ ಅಂದ, "ಕರಗೈತೆ. ನಮ್ಮ ಕಡೆ ಬಿಸಿಲು ಜಾಸ್ತಿ."

ಅವರು ಬೈದುಕೊಂಡೇ ಲಾರಿ ಹತ್ತಿಕೊಂಡು ಹೋದರು. ಆದರೆ ಆ ಲಾರಿ ಮಾರುವ ತನಕ ಆ ಶಿವನನ್ನು ಅಳಿಸಲಿಲ್ಲ, ಅದನ್ನೂ ಹೇಳಬೇಕು.

ಆಮೇಲೆ ಫ್ಲೆಕ್ಸ್ ಬಂತು, ಬೋರ್ಡಿನ ಕೆಲಸ ಹೋಯಿತು. ದೇವರ ಚಿತ್ರದ ಟೈಲ್ಸ್ ಬಂತು, ಗೋಡೆಯ ಕೆಲಸ ಹೋಯಿತು. ಆ ಟೈಲ್ಸ್ ಚಿಂತಾಮಣಿಗೆ ತಂದವರು ಯಾರು ಎಂದು ಕೇಳಬೇಡಿ. ನಾನು ತರದಿದ್ದರೆ ಇನ್ಯಾರೋ ತರುತ್ತಿದ್ದರು, ಅದಕ್ಕೆ ನಾನೇ ತಂದೆ. ಅಷ್ಟಷ್ಟು ಅಗಲದ ಬಿಲ್ಲೆಗಳನ್ನು ಜೋಡಿಸಿದರೆ ಒಂದು ಪೂರ್ತಿ ದೇವರು. ಒಂದು ದಿನದ ಕೆಲಸ, ಒರೆಸಿದರೆ ಹೊಳಪು, ಇಪ್ಪತ್ತು ವರ್ಷಕ್ಕೆ ಯೋಚನೆ ಇಲ್ಲ. ಹಿಂದೆ ಬೆಟ್ಟ ಬೇಕಾದರೆ ಬೆಟ್ಟ, ಜಲಪಾತ ಬೇಕಾದರೆ ಜಲಪಾತ, ಜೊತೆಗೆ ನಮ್ಮ ಯಾವ ದೇವರೂ ನೋಡಿರದ ಪೈನ್ ಮರ.

ಅಂಬಾಜಿದುರ್ಗದ ಪಕ್ಕದ ಒಂದು ಹಳ್ಳಿಯಲ್ಲಿ ಆಂಜನೇಯನ ಗುಡಿ ಇದೆ. ಅದರ ಗೋಡೆಯ ಮೇಲೆ ಕೋನಪ್ಪ ಪ್ರಾಯದಲ್ಲಿದ್ದಾಗ ಸಂಜೀವಿನಿ ಬೆಟ್ಟ ಹೊತ್ತ ಆಂಜನೇಯನನ್ನು ಬರೆದಿದ್ದ. ಆ ಬೆಟ್ಟ ಯಾವುದೆಂದು ಹೇಳಬೇಕಾಗಿಲ್ಲ. ಊರಿನ ಜನಕ್ಕೆ ಅದರ ಮೇಲೆ ಬಲು ಜಂಬ. ನೆಂಟರು ಬಂದರೆ ಕರೆದುಕೊಂಡು ಹೋಗಿ, "ನೋಡ್ರಿ, ನಮ್ಮ ಬೆಟ್ಟಾನ ಲಂಕೆಗೆ ಎತ್ಕೊಂಡ್ ಹೋಗವ್ನೆ" ಎಂದು ತೋರಿಸುತ್ತಿದ್ದರು. ಎಂಟು ವರ್ಷದ ಹಿಂದೆ ಗುಡಿಗೆ ಹೊಸದಾಗಿ ಬಣ್ಣ ಹೊಡೆಸುವಾಗ ಕಮಿಟಿಯವರು ನನ್ನ ಅಂಗಡಿಗೆ ಬಂದರು. ಹಳೆಯದು ಅಲ್ಲಲ್ಲಿ ಉದುರಿತ್ತು. ನಾನು ಟೈಲ್ಸ್ ತೋರಿಸಿದೆ. ಅವರಿಗೆ ಹಿಡಿಸಿತು. ಅದರಲ್ಲಿ ನನ್ನದೇನು ತಪ್ಪು?

ಟೈಲ್ಸ್ ನಿಲ್ಲಬೇಕಾದರೆ ಹಳೆಯ ಗೋಡೆಯನ್ನು ಉಳಿಯಿಂದ ಕಚ್ಚು ಹಾಕಿ ತರಿಯಾಗಿ ಮಾಡಬೇಕು. ಆ ದಿನ ನಮ್ಮ ಮೇಸ್ತ್ರಿ ವೆಂಕಟರವಣಪ್ಪ ಉಳಿ ಸುತ್ತಿಗೆ ತೆಗೆಯುವ ಹೊತ್ತಿಗೆ ಕೋನಪ್ಪ ಬಂದ. ಗಲಾಟೆ ಮಾಡುತ್ತಾನೆ ಎಂದುಕೊಂಡೆ. ಮಾಡಲಿಲ್ಲ. ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಬಿಲ್ಲೆಯನ್ನು ನೀರಲ್ಲಿ ಅದ್ದಿ ಅದ್ದಿ ಕೊಟ್ಟ. ಮೇಸ್ತ್ರಿಗೆ ಒಂದೇ ಮಾತು ಹೇಳಿದ.

"ಮುಖದ ಹತ್ರ ಸ್ವಲ್ಪ ಮೆಲ್ಲಗೆ ಹೊಡಿಯಪ್ಪ."

ಆಮೇಲೂ ಅವನು ನನ್ನ ಅಂಗಡಿಗೆ ಬರುವುದು ಬಿಡಲಿಲ್ಲ. ಬೋರಲು ಹಾಕಿದ ಡಿಸ್ಟೆಂಪರ್ ಬಕೆಟ್ಟಿನ ಮೇಲೆ ಕೂತು ಟೀ ಕುಡಿದು ಹೋಗುತ್ತಿದ್ದ. ಮನೆಯ ತಾಪತ್ರಯ ಅವನಿಗೆ ಅಷ್ಟಿರಲಿಲ್ಲ. ಎರಡು ಎಕರೆ ಇತ್ತು, ಹೆಂಡತಿ ರಾಧಾಮಣಿ ಅಂಗನವಾಡಿಯಲ್ಲಿ ಕೆಲಸಕ್ಕಿದ್ದಳು, ಊಟಕ್ಕೆ ಕೊರತೆ ಇರಲಿಲ್ಲ. ಅವನ ಕೊರತೆ ಬೇರೆ. ಒಂದು ದಿನ ಟೀ ಲೋಟ ಕೆಳಗಿಟ್ಟು ಹೇಳಿದ.

"ಬಾಬು, ನಾನು ಬರೆದದ್ದೆಲ್ಲ ಯಾವುದೋ ಒಂದರ ಕೆಳಗೆ ಐತೆ ಕಣೋ. ಯಾರೂ ಮುಚ್ಚದೇ ಇರೋ ಒಂದು ಗೋಡೆ ಸಿಕ್ಕಿದ್ರೆ ಸಾಕಿತ್ತು. ಕೈ ನಡುಗೋಕೆ ಮುಂಚೆ."

"ಮುಚ್ಚದೇ ಇರೋ ಗೋಡೆ ಅಂದ್ರೆ ಜೈಲಿಂದೇ. ಏನಾದ್ರೂ ಮಾಡಿ ಒಳಗೆ ಹೋಗು" ಅಂದೆ.

ನಕ್ಕ. ಅವನ ಜೊತೆ ಇದೊಂದು ಅನುಕೂಲ. ಅವನಿಗೆ ತಾಗಿದ್ದು ನಮಗೆ ಕಾಣುವುದಿಲ್ಲ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ದಿಬ್ಬೂರಹಳ್ಳಿಯ ಯಶೋದಮ್ಮ ಅಂಗಡಿಗೆ ಬಂದರು. ಹಳೇ ಗಿರಾಕಿ, ಗಟ್ಟಿ ಹೆಂಗಸು. ಎರಡೂವರೆ ಎಕರೆ ಹಿಪ್ಪುನೇರಳೆ ಸೊಪ್ಪು ಬೆಳೆದು, ವರ್ಷಕ್ಕೆ ಏಳು ಬೆಳೆ ರೇಷ್ಮೆ ಹುಳು ಮೇಯಿಸಿ, ಗೂಡನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ತಾವೇ ಹೊತ್ತುಕೊಂಡು ಹೋಗಿ ಹರಾಜಿನಲ್ಲಿ ನಿಲ್ಲುವವರು. ಹಳೆಯ ಹುಳು ಮನೆ ಕೆಡವಿ ಹೊಸದಾಗಿ ಕಟ್ಟಿಸಿದ್ದರು. ಅದರ ಮುಂದಿನ ಜಗಲಿಯ ಗೋಡೆಗೆ, ಬಾಗಿಲ ಪಕ್ಕ, ಮನೆದೇವರು ವೆಂಕಟರಮಣ ಸ್ವಾಮಿ ಬೇಕಾಗಿತ್ತು.

ನನ್ನ ಗೋಡೌನಿನಲ್ಲಿ ಎಂಟಡಿ ಅಗಲದ ವೆಂಕಟರಮಣ ಒಬ್ಬ ಒಂದೂವರೆ ವರ್ಷದಿಂದ ಡಬ್ಬಿಯಲ್ಲಿ ಕೂತಿದ್ದ. ಯಾರೋ ಅಳತೆ ತಪ್ಪಾಗಿ ಕೊಟ್ಟು ವಾಪಸ್ ಮಾಡಿದ್ದ ಮಾಲು. ಸ್ವಾಮಿಯ ಹಿಂದೆ ಏಳೂ ಬೆಟ್ಟ ಲಕ್ಷಣವಾಗಿ ಸಾಲಾಗಿ ನಿಂತಿದ್ದವು. ನಮ್ಮ ಕಡೆ ಅರ್ಧ ಜನ ಸ್ವಾಮಿಯನ್ನು ತೆಲುಗಿನಲ್ಲೇ ಏಡುಕೊಂಡಲವಾಡು, ಏಳು ಬೆಟ್ಟದವನು ಎಂದು ಕರೆಯುವುದರಿಂದ, ಬೆಟ್ಟ ಕಮ್ಮಿ ಆದರೆ ಮಾಲು ಹೋಗುವುದಿಲ್ಲ. ಕಂಪನಿಯವರಿಗೆ ಅಷ್ಟು ಗೊತ್ತು. ಡಬ್ಬಿ ಒಡೆಸಿ ನೆಲದ ಮೇಲೆ ಜೋಡಿಸಿ ತೋರಿಸಿದೆ. ಯಶೋದಮ್ಮನ ಮುಖ ಅರಳಿತು. ವ್ಯಾಪಾರ ಕುದುರಿತು ಎಂದು ಟೀಗೆ ಹೇಳಿಕಳಿಸಿದೆ.

ಅವರ ಜೊತೆ ಅತ್ತೆ ಅಕ್ಕಯಮ್ಮನೂ ಬಂದಿದ್ದರು. ಎಂಬತ್ತು ದಾಟಿದೆ, ಮಂಡಿ ತೋರಿಸಲು ಡಾಕ್ಟರ ಹತ್ತಿರ ಬಂದವರು. ಸೊಂಟದ ಮೇಲೆ ಕೈ ಇಟ್ಟುಕೊಂಡು ಟೈಲ್ಸ್ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಏನಪ್ಪ, ಈ ಸ್ವಾಮಿ ಎಷ್ಟು ಮನೇಲವ್ನೆ?"

"ಇದೇ ಡಿಸೈನು ನಲವತ್ತು ಮನೆಗೆ ಕೊಟ್ಟಿದೀನಿ ಅಜ್ಜಿ" ಅಂದೆ. ಜಂಬದಿಂದಲೇ ಅಂದೆ.

"ಹಂಗಾದ್ರೆ ನಲವತ್ತು ಮನೆ ವಿಚಾರಿಸ್ಕೊಂಡು ನಮ್ಮನೆಗೆ ಯಾವಾಗ ಬರ್ತಾನೆ?"

ಕೋನಪ್ಪ ಕೂತಿದ್ದ ಬಕೆಟ್ಟಿನ ಮೇಲಿಂದ ನಗು ಕೇಳಿಸಿತು. ಅಕ್ಕಯಮ್ಮ ತಿರುಗಿ ನೋಡಿದರು. ನೋಡಿ, ಇನ್ನೂ ಹತ್ತಿರ ಹೋಗಿ ನೋಡಿದರು.

"ಅಯ್ಯೋ ನಾ ತಂಡ್ರಿ, ನನ್ನಪ್ಪ! ನಮ್ಮ ಹಳೇ ಹುಳು ಮನೆ ಬಾಗಿಲಿಗೆ ಸ್ವಾಮಿ ಬರೆದೋನು ನೀನೇ ಅಲ್ವಾ? ಮೂರು ದಿನಕ್ಕೆ ಅಂತ ಬಂದು ಹದಿನೆಂಟು ದಿನ ನಮ್ಮನೇಲೇ ಉಂಡೆಯಲ್ಲಪ್ಪ?"

"ನಾನೇ ಕಣಮ್ಮ. ಸಾರು ಚೆನ್ನಾಗಿತ್ತು" ಅಂದ ಕೋನಪ್ಪ.

ಅಲ್ಲಿಗೆ ನನ್ನ ವ್ಯಾಪಾರ ಕೆಟ್ಟಿತು. ಆ ಸ್ವಾಮಿಯ ಕೆಳಗೆ ತಾನು ಇಪ್ಪತ್ತೆಂಟು ವರ್ಷ ಹುಳು ಸಾಕಿದ್ದೇನೆ, ಹೊಸ ಗೋಡೆಗೂ ಇವನೇ ಬರೆಯಬೇಕು ಎಂದು ಅಕ್ಕಯಮ್ಮ ಅಲ್ಲೇ ಕೂತುಬಿಟ್ಟರು. ಸೊಸೆಗೆ ಮನಸ್ಸಿಲ್ಲ, ಅತ್ತೆಗೆ ಎದುರಾಡುವಷ್ಟು ಹೊತ್ತೂ ಇಲ್ಲ. ಕೊನೆಗೆ ಯಶೋದಮ್ಮ ಕೋನಪ್ಪನ ಮುಂದೆ ನಿಂತು ಕರಾರು ಹೇಳಿದರು.

"ನೋಡಪ್ಪ, ಇವತ್ತಿಗೆ ಹದಿಮೂರನೇ ದಿನ ಸೋಮವಾರ. ಅವತ್ತು ಮರಿ ಹುಳು ಬರುತ್ತೆ. ಅಷ್ಟರಲ್ಲಿ ನಿನ್ನ ಕೆಲಸ ಮುಗ್ದು, ಪೇಂಟಿನ ವಾಸನೆ ಪೂರ್ತಿ ಹೋಗಿರಬೇಕು. ಊದುಬತ್ತಿ ಹೊಗೆಗೇ ಮೇವು ಬಿಡೋ ಜೀವ ಅದು. ಮುಗೀಲಿಲ್ಲ ಅಂದ್ರೆ ಅದರ ಮೇಲೆ ಬಾಬಣ್ಣನ ಟೈಲ್ಸ್ ಹಾಕಿಸ್ತೀನಿ. ಅರ್ಧಂಬರ್ಧ ಸ್ವಾಮೀನ ಬಾಗಿಲಲ್ಲಿ ಇಟ್ಕೊಳ್ಳಕಾಗಲ್ಲ. ಬೇಜಾರ್ ಮಾಡ್ಕೋಬಾರ್ದು."

"ಆಗ್ಲಿ ತಾಯಿ" ಅಂದ ಕೋನಪ್ಪ. ನನಗಂತೂ ಖುಷಿಯೇ ಆಯಿತು. ಕೋನಪ್ಪ ಹದಿಮೂರು ದಿನದಲ್ಲಿ ಮುಗಿಸುವುದುಂಟೆ? ಟೈಲ್ಸ್ ನಾಳೆ ಹೋಗುವ ಬದಲು ಎರಡು ವಾರ ಬಿಟ್ಟು ಹೋಗುತ್ತದೆ, ಅಷ್ಟೇ. ಎನಾಮೆಲ್ ಪೇಂಟನ್ನೂ ನಾನೇ ಮಾರಿದೆ.

ಐದನೇ ದಿನ ಯಶೋದಮ್ಮ ಫೋನು ಮಾಡಿದರು.

"ಬಾಬಣ್ಣ, ನಿಮ್ಮ ಸ್ನೇಹಿತ ನಾಲ್ಕು ದಿನದಿಂದ ಸ್ವಾಮಿ ಪಾದದ ಹತ್ರಾನೇ ಅವ್ನೆ."

"ಪಾದ ಹಿಡಿದೋರು ಅಷ್ಟು ಬೇಗ ಬಿಡಲ್ಲಮ್ಮ."

"ನಗಬೇಡ್ರಿ. ಗೆಜ್ಜೆ ಒಂದೊಂದಕ್ಕೂ ಒಂದೊಂದು ಗಂಟೆ. ಮುಖ ಯಾವಾಗ ಅಂದ್ರೆ, ಈ ಸ್ವಾಮಿಗೆ ದೊಡ್ಡ ನಾಮ ಇರೋದ್ರಿಂದ ಅರ್ಧ ಮುಖ ಉಳಿತಾಯ ಅಂತಾನೆ."

ಆಮೇಲೆ ಬಿಸಿಲು ಏರಿತು. ಬಿಸಿಲಿಗೆ ಮರಿ ಹುಳು ಬೇಗ ಬೆಳೆಯುತ್ತದೆ. ಎಂಟನೇ ದಿನ, ಬುಧವಾರ ಮಧ್ಯಾಹ್ನ, ಮೊಟ್ಟೆಯಿಂದ ಮರಿ ಹುಳು ಮಾಡಿಕೊಡುವವರು ಯಶೋದಮ್ಮನಿಗೆ ಫೋನು ಮಾಡಿದರು. ಹುಳು ಸೋಮವಾರಕ್ಕಲ್ಲ, ಶನಿವಾರ ಬೆಳಿಗ್ಗೆಯೇ ಬರುತ್ತದೆ. ಅಷ್ಟು ಹೊತ್ತಿಗೆ ಕೋನಪ್ಪ ಸ್ವಾಮಿಯನ್ನು ಪಾದದಿಂದ ಕಿರೀಟದ ತನಕ ಮುಗಿಸಿದ್ದ. ಹಿಂದಿನ ಬೆಟ್ಟ ಒಂದು ಗೆರೆಯೂ ಬಂದಿರಲಿಲ್ಲ. ಯಶೋದಮ್ಮ ತಕ್ಷಣ ನನಗೆ ಫೋನು ಮಾಡಿ ಕೇಳಿದರು.

"ಬಾಬಣ್ಣ, ಇವತ್ತು ನಾಳೆ ಕೂತು ಬೆಟ್ಟಾನೂ ಬರೆದ್ರೆ ವಾಸನೆ ಹೋಗೋಕೆ ಎಷ್ಟು ದಿನ ಬೇಕು?"

"ಹತ್ತು ದಿನ" ಅಂದೆ. ನಿಜ ಹೇಳಬೇಕೆಂದರೆ ಮೂರು ದಿನ ಸಾಕು. ಉಳಿದ ಏಳು ವ್ಯಾಪಾರ.

ಗುರುವಾರ ಬೆಳಿಗ್ಗೆ ಪಿಕಪ್ ಗಾಡಿಯಲ್ಲಿ ಟೈಲ್ಸ್ ಹೇರಿಕೊಂಡು, ಮೇಸ್ತ್ರಿ ವೆಂಕಟರವಣಪ್ಪನನ್ನು ಕೂರಿಸಿಕೊಂಡು ದಿಬ್ಬೂರಹಳ್ಳಿಗೆ ಹೋದೆ. ಕೋನಪ್ಪ ಅಂಗಳದ ಆಚೆ ಹುಣಸೆ ಮರದ ಕೆಳಗೆ ಕೂತಿದ್ದ. ಬೀಡಿ ಸೇದಿದ್ದರಿಂದ ಹುಳು ಮನೆಯ ಹತ್ತಿರ ಬರಬಾರದೆಂದು ಯಶೋದಮ್ಮ ಗೆರೆ ಎಳೆದು ಕೂರಿಸಿದ್ದರು.

ಜಗಲಿಗೆ ಹೋಗಿ ನೋಡಿದೆ. ವ್ಯಾಪಾರದ ಕಣ್ಣಿನಿಂದಲೇ ನೋಡಿದೆ. ಬಿಳಿ ಗೋಡೆಯ ಮೇಲೆ ಸ್ವಾಮಿ ಒಬ್ಬನೇ ನಿಂತಿದ್ದ, ಬಸ್ಸು ಇನ್ನೂ ಬಾರದ ಸ್ಟಾಪಿನಲ್ಲಿ ಮದುವೆ ಮನೆಯ ದಿರಿಸು ಹಾಕಿಕೊಂಡು ನಿಂತವರ ಹಾಗೆ. ಮುಖದಲ್ಲಿ ಸಿಟ್ಟಿಲ್ಲ, ಆತುರವೂ ಇಲ್ಲ. ಗೆಜ್ಜೆಯಲ್ಲಿ ಒಂದೊಂದು ಗುಂಡೂ ಬೇರೆ ಬೇರೆ. ಚೆನ್ನಾಗಿಲ್ಲ ಎಂದು ಹೇಳಲು ತಪ್ಪು ಹುಡುಕಿ ಎರಡು ಸಲ ನೋಡಿದೆ, ಸಿಗಲಿಲ್ಲ.

"ಶುರು ಮಾಡಪ್ಪ ಮೇಸ್ತ್ರಿ" ಅಂದೆ.

ವೆಂಕಟರವಣಪ್ಪ ಉಳಿ ಎತ್ತಿಕೊಂಡ. ಸ್ವಾಮಿಯನ್ನು ನೋಡಿದ. ಉಳಿ ಕೆಳಗಿಟ್ಟ.

"ಬಾಬಣ್ಣ, ನಮ್ಮಪ್ಪ ತಿರುಪತಿಗೆ ನಡ್ಕೊಂಡ್ ಹೋಗಿ ಬಂದು ನನಗೆ ಈ ಹೆಸರಿಟ್ಟ. ನನ್ನ ಕೈಲಿ ಸ್ವಾಮಿಗೆ ಉಳಿ ಹೊಡೆಸ್ತೀಯಾ?"

"ಅವತ್ತು ಆಂಜನೇಯನಿಗೆ ಹೊಡೆದ್ಯಲ್ಲೋ?"

"ಹೊಡೆದೆ. ಅದಕ್ಕೇ ಹೇಳ್ತಿರೋದು, ಇನ್ನೊಂದು ಸಲ ಆಗಲ್ಲ. ಮುಖದ ಹತ್ರ ಮೆಲ್ಲಗೆ ಅಂದ್ನಲ್ಲ ಆ ಮನುಷ್ಯ, ಆವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ ನಂಗೆ."

ಅಕ್ಕಯಮ್ಮ ಒಳಗಿನಿಂದ ಕೋಲು ಊರಿಕೊಂಡು ಬಂದರು. "ಹೊಡೆಯೋರು ಹೊಡೀರಿ, ನಾನೂ ನೋಡ್ತೀನಿ" ಎಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಯಶೋದಮ್ಮನ ಮುಖ ಸೋತುಹೋಗಿತ್ತು. "ಅತ್ತೆ, ನಂಗೂ ಮನಸ್ಸಿಲ್ಲ. ಏನ್ಮಾಡ್ಲಿ? ನಾಡಿದ್ದು ಹುಳು ಬರುತ್ತೆ. ಏಳು ಬೆಟ್ಟದ ಸ್ವಾಮಿ ಬೆಟ್ಟಾನೇ ಇಲ್ದಂಗೆ ನಿಂತವ್ನೆ. ಬರ್ಸೋ ಹಂಗಿಲ್ಲ, ಬಿಡೋ ಹಂಗಿಲ್ಲ."

ಆಗ ಹುಣಸೆ ಮರದ ಕೆಳಗಿನಿಂದ ಕೋನಪ್ಪನ ದನಿ ಬಂತು. ಗೆರೆ ದಾಟಲಿಲ್ಲ, ಅಲ್ಲಿಂದಲೇ ಕೂಗಿದ.

"ಯಶೋದಮ್ಮ, ಸುಣ್ಣಕ್ಕೆ ಹುಳು ಏನಾದ್ರೂ ಅಂತಾವಾ?"

"ಸುಣ್ಣಕ್ಕೇನಂತಾವೆ, ನಾವೇ ಅವುಗಳ ಮೇಲೆ ಉದುರಿಸ್ತೀವಲ್ಲ."

"ಕೆಮ್ಮಣ್ಣಿಗೆ?"

"ಇಲ್ಲ."

"ಇದ್ದಿಲಿಗೆ?"

ಯಶೋದಮ್ಮ ಅವನ ಕಡೆ ಪೂರ್ತಿ ತಿರುಗಿದರು. "ಮಣ್ಣಲ್ಲಿ ಬೆಟ್ಟ ಬರೀತೀಯಾ?"

"ಬೆಟ್ಟ ಇನ್ಯಾತರಲ್ಲಿ ಮಾಡವ್ರೆ ತಾಯಿ?"

ಅಂಟಿಗೆ ಬೆಲ್ಲದ ನೀರು ಹಾಕುತ್ತೇನೆ ಅಂದ. ಯಶೋದಮ್ಮ ಬೇಡವೇ ಬೇಡ ಅಂದರು. ಬೆಲ್ಲಕ್ಕೆ ಇರುವೆ ಬರುತ್ತದೆ, ಇರುವೆ ಬಂದರೆ ಹುಳು ಉಳಿಯುವುದಿಲ್ಲ. ಹಾಗಾದರೆ ಜಾಲಿ ಮರದ ಅಂಟು. ಜಾಲಿ ಅಂಟು ಸಾದಲಿಯ ಕಡೆ ದಾರಿಯಲ್ಲಿ ಸಿಗುತ್ತದೆ, ಒಳ್ಳೆಯ ಕೆಮ್ಮಣ್ಣು ಕೆರೆಯ ಏರಿಯ ಹಿಂದೆ. ತರುವವರು ಯಾರು? ಅಕ್ಕಯಮ್ಮನ ಕೋಲು ನಿಧಾನವಾಗಿ ಮೇಲೆದ್ದು ನನ್ನ ಪಿಕಪ್ ಕಡೆ ತಿರುಗಿತು.

"ಈಯಪ್ಪನ ಗಾಡಿ ಸುಮ್ನೆ ನಿಂತೈತಲ್ಲ."

ಹೀಗೆ ನನ್ನ ಡೀಸೆಲ್ಲಿನಲ್ಲಿ, ನನ್ನ ಟೈಲ್ಸ್ ಡಬ್ಬಿಗಳ ಮೇಲೆ ಗೋಣಿಚೀಲ ಹಾಸಿ, ನನ್ನ ಎದುರಾಳಿಯ ಬಣ್ಣ ಹೊತ್ತು ತಂದೆ. ವ್ಯಾಪಾರಕ್ಕೆ ಇಳಿದ ಮೇಲೆ ಇಂಥ ದಿನ ನನಗೆ ಬಂದಿರಲಿಲ್ಲ. ಮೇಸ್ತ್ರಿಯಂತೂ ಉತ್ಸಾಹದಿಂದ ಜಾಲಿ ಮರ ಹತ್ತಿದ.

ಶನಿವಾರ ಬೆಳಿಗ್ಗೆ ಮತ್ತೆ ಹೋದೆ. ಟೈಲ್ಸ್ ಇಳಿಸಬೇಕಾಗಬಹುದು ಎಂಬುದು ನಾನು ಮನೆಯಲ್ಲಿ ಹೇಳಿ ಹೊರಟ ಕಾರಣ. ನೋಡದೆ ಇರಲಾಗಲಿಲ್ಲ ಎಂಬುದು ಹೇಳದ ಕಾರಣ. ನಾನು ಹೋಗುವ ಹೊತ್ತಿಗೆ ಹುಳು ಬಂದಾಗಿತ್ತು. ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಕೊಂಡೇ ಜಗಲಿ ಹತ್ತಬೇಕಾಯಿತು. ಒಳಗಿನಿಂದ ಸೊಪ್ಪು ಮೇಯುವ ಸದ್ದು, ತುಂತುರು ಮಳೆಯಂಥದ್ದು, ಇನ್ನೂ ಶುರುವಾಗಿರಲಿಲ್ಲ. ಮರಿ ಹುಳು, ಸಣ್ಣ ಬಾಯಿ.

ಗೋಡೆಯ ಮೇಲೆ ಬೆಟ್ಟ ನಿಂತಿತ್ತು.

ಸುಣ್ಣದ ಬೆಳಕು, ಇದ್ದಿಲಿನ ನೆರಳು, ನಡುವೆ ಕೆಮ್ಮಣ್ಣು. ಸೊಪ್ಪನ್ನು ಅರೆದು ಗಿಡಗಳಿಗೆ ಹಚ್ಚಿದ್ದ. ಅದು ನಾನು ನೋಡುವ ಹೊತ್ತಿಗಾಗಲೇ ಹಸಿರು ಬಿಟ್ಟು ಕಂದಾಗುತ್ತಿತ್ತು. ನಮ್ಮ ಬೆಟ್ಟಗಳೂ ಬೇಸಿಗೆಯಲ್ಲಿ ಅದನ್ನೇ ಮಾಡುತ್ತವೆ. ಎನಾಮೆಲ್ಲಿನ ಸ್ವಾಮಿ ಮಿರಿಮಿರಿ ಮಿಂಚುತ್ತಿದ್ದ, ಮಣ್ಣಿನ ಬೆಟ್ಟ ಒಂದಿಷ್ಟೂ ಮಿಂಚದೆ ಅವನ ಹಿಂದೆ ತೆಪ್ಪಗಿತ್ತು. ಅದರಿಂದಲೋ ಏನೋ, ಸ್ವಾಮಿ ಗೋಡೆಯಿಂದ ಒಂದು ಹೆಜ್ಜೆ ಈಚೆಗೆ ಬಂದು ನಿಂತ ಹಾಗೆ ಕಾಣುತ್ತಿದ್ದ. ನನ್ನ ಟೈಲ್ಸಿನಲ್ಲಿ ಸ್ವಾಮಿಗೂ ಬೆಟ್ಟಕ್ಕೂ ಒಂದೇ ಹೊಳಪು.

ಆದರೆ ಮಾಲು ಉಳಿದುಹೋದ ವ್ಯಾಪಾರಿಯ ಹೊಟ್ಟೆಯುರಿ ಸಣ್ಣದಲ್ಲ. ಏನಾದರೊಂದು ಕೊರತೆ ಸಿಗುತ್ತದೆಯೇ ಎಂದು ಬೆಟ್ಟ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಖುಷಿಯಾಯಿತು.

"ಯಶೋದಮ್ಮ, ಎಂಟು ಬೆಟ್ಟ ಐತೆ."

ಯಶೋದಮ್ಮ ಎಣಿಸಿದರು. ಬೆರಳು ಮಡಚಿ ಮಡಚಿ ಎಣಿಸಿದರು. ಎಂಟು. ಎಂಟನೆಯದು ಎಡ ತುದಿಯಲ್ಲಿ, ಸ್ವಾಮಿಯ ಪಾದಕ್ಕೆ ತಾಗಿಕೊಂಡೇ ಇತ್ತು. ಗುಂಡುಗುಂಡು ಬಂಡೆ, ಬೋಳು ನೆತ್ತಿ, ಎರಡು ಸೀತಾಫಲದ ಗಿಡ.

"ಇದೇನಪ್ಪ ಕೋನಪ್ಪ? ಏಡುಕೊಂಡಲವಾಡಿಗೆ ಎಂಟು ಬೆಟ್ಟ ಬರೆದಿದೀಯಲ್ಲ? ನೆಂಟರು ಬಂದು ನಗಲ್ವಾ? ತಿರುಪತಿ ನೋಡಿಲ್ವಾ ನೀವು ಅಂತ ಕೇಳಲ್ವಾ?"

ಕೋನಪ್ಪ ಇವತ್ತು ಬೀಡಿ ಸೇದಿರಲಿಲ್ಲ, ಗೋಡೆಯ ಹತ್ತಿರವೇ ನಿಂತಿದ್ದ.

"ಏಳು ಸ್ವಾಮೀದು ತಾಯಿ. ಎಂಟನೇದು ನಮ್ದು. ಅಷ್ಟು ದೂರದಿಂದ ನಮ್ಮ ಸೀಮೆಗೆ ಬಂದವ್ನೆ, ಕಾಲಿಡೋಕೆ ನಮ್ಮದೊಂದು ಕಲ್ಲು ಬೇಡ್ವಾ?" ಜೊತೆಗೇ ಸೇರಿಸಿದ, "ಬೇಡ ಅಂದ್ರೆ ತೆಗೀತೀನಿ. ಉಳಿ ಬೇಕಾಗಿಲ್ಲ. ಮಣ್ಣೇ ಅಲ್ವಾ, ಒದ್ದೆ ಬಟ್ಟೆ ಸಾಕು."

ಜಗಲಿಯ ಮೇಲೆ ಬಟ್ಟೆಯೂ ಇತ್ತು, ಬಕೆಟ್ಟಿನಲ್ಲಿ ನೀರೂ ಇತ್ತು. ಅವನು ಬಗ್ಗಿ ಬಟ್ಟೆ ತೆಗೆದುಕೊಂಡೇಬಿಟ್ಟ. ಆಗ ನನಗೆ ನನ್ನ ಬಾಯಿಯ ಮೇಲೆಯೇ ಸಿಟ್ಟು ಬಂತು. ಎಣಿಸಿದ್ದು ಎಣಿಸಿದೆ, ಹೊರಗೆ ಹೇಳುವುದೇನಿತ್ತು?

ಅಕ್ಕಯಮ್ಮ ಬಾಗಿಲಲ್ಲಿ ಕೂತು ಎಲೆಅಡಿಕೆ ಕುಟ್ಟುತ್ತಿದ್ದರು. ಸೊಸೆಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. "ನಿಂಗೆ ಲೆಕ್ಕ ಚೆನ್ನಾಗಿ ಬರುತ್ತೆ ಕಣಪ್ಪ. ಮನೆಗೆ ನೆಂಟ್ರು ಒಬ್ಬರು ಜಾಸ್ತಿ ಬಂದ್ರೂ ಹಿಂಗೇ ಎಣಿಸ್ತೀಯಾ?"

ಯಶೋದಮ್ಮ ನಗಲಿಲ್ಲ. ಗೋಡೆಯನ್ನೇ ನೋಡುತ್ತಾ ನಿಂತರು. ಆಮೇಲೆ ಕೋನಪ್ಪನ ಕೈಯಿಂದ ಬಟ್ಟೆ ತೆಗೆದುಕೊಂಡು ಬಕೆಟ್ಟಿಗೆ ಹಾಕಿದರು.

"ಇರ್ಲಿ ಬಿಡಪ್ಪ. ಆದ್ರೆ ಒಂದು ಮಾತು. ಮಣ್ಣಿಂದು ಎಷ್ಟು ದಿನ ಇರುತ್ತೆ? ಪ್ರತಿ ಬೆಳೆ ಇಳಿದ ಮೇಲೆ ನಾವು ಮನೆ ತೊಳೆದು ಸುಣ್ಣ ಹೊಡೀತೀವಿ. ಆ ಹೊತ್ತಿಗೆ ನೀನು ಬಂದು ಬೆಟ್ಟ ತಿದ್ದಿ ಹೋಗ್ಬೇಕು. ವರ್ಷಕ್ಕೆ ಏಳು ಸಲ. ಇದರ ಮೇಲೆ ಇನ್ನೇನೂ ಹಾಕ್ಸಲ್ಲ ನಾನು. ಬರ್ತೀಯಾ?"

ಕೋನಪ್ಪ ತಲೆ ಆಡಿಸಿದ. ಕೇಳಿದ್ದು ಇಷ್ಟೇ.

"ಸಾರು ಅದೇನಾ ತಾಯಿ?"

ನಾನು ಟೈಲ್ಸ್ ವಾಪಸ್ ತಂದೆ. ಗೋಡೌನಿನಲ್ಲಿ ಅದು ಹಳೆಯ ಜಾಗದಲ್ಲೇ ಕೂತಿದೆ, ಡಬ್ಬಿಯ ಮೇಲೆ ಈಗ ಸ್ವಲ್ಪ ಕೆಮ್ಮಣ್ಣು. ದಾರಿಯುದ್ದಕ್ಕೂ ಒಂದು ವಿಚಾರ ತಲೆಯಲ್ಲಿ ತಿರುಗುತ್ತಿತ್ತು. ಎನಾಮೆಲ್ಲಿನಲ್ಲಿ ಬರೆದಿದ್ದರೆ ಇಪ್ಪತ್ತು ಮೂವತ್ತು ವರ್ಷ ನಿಂತು, ಒಂದು ದಿನ ಉದುರಲು ಶುರುವಾಗಿ, ನನ್ನಂಥ ಒಬ್ಬನ ಕೈಯಲ್ಲಿ ಮುಚ್ಚಿಹೋಗುತ್ತಿತ್ತು. ಎರಡು ತಿಂಗಳೂ ಬಾಳದ ಮಣ್ಣಿನಲ್ಲಿ ಬರೆದದ್ದರಿಂದಲೇ ಅವನಿಗೆ ಯಾರೂ ಮುಚ್ಚದ ಗೋಡೆ ಸಿಕ್ಕಿತು. ಬಾಳಿಕೆ ಬರುತ್ತದೆ, ಬಾಳಿಕೆ ಬರುತ್ತದೆ ಎಂದು ಹೇಳಿಕೊಂಡೇ ಮೂವತ್ತೊಂದು ವರ್ಷ ಮಾಲು ಮಾರಿದವನು ನಾನು.

ಅಂದಿನಿಂದ ಮೂರು ಬೆಳೆ ಆಗಿದೆ. ಮೂರೂ ಸಲ ಕೋನಪ್ಪ ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿ, ಟಿಫನ್ ಕ್ಯಾರಿಯರಿನಲ್ಲಿ ಮಣ್ಣು ಇಟ್ಟುಕೊಂಡು ದಿಬ್ಬೂರಹಳ್ಳಿಗೆ ಹೋಗಿ ಬಂದಿದ್ದಾನೆ. ಎಂಟನೆಯ ಬೆಟ್ಟ ಪ್ರತಿ ಸಲ ಒಂದು ಚೂರು ದಪ್ಪ ಆಗುತ್ತಿದೆ ಎಂದು ಮೇಸ್ತ್ರಿ ಹೇಳುತ್ತಾನೆ. ನಾನು ಅಳತೆ ಹಿಡಿಯಲು ಹೋಗಿಲ್ಲ. ನೆಂಟರು ನಕ್ಕರಂತೆ. ಅಕ್ಕಯಮ್ಮ ಅವರನ್ನೇ ಎಣಿಸಿದರಂತೆ.

ಹೋದ ವಾರ ಬಕೆಟ್ಟಿನ ಮೇಲೆ ಕೂತಿದ್ದವನಿಗೆ ಹೇಳಿದೆ.

"ಕೋನಪ್ಪ, ಗೋಡೌನಿನ ರಸ್ತೆ ಕಡೆ ಗೋಡೆ ಖಾಲಿ ಬಿದ್ದೈತೆ. ಇಪ್ಪತ್ತಡಿ. ಬೆಟ್ಟ ಹೊತ್ತ ಆಂಜನೇಯನ್ನ ಬರೀತೀಯಾ? ನಾನು ಬದುಕಿರೋ ತನಕ ಅದರ ಮೇಲೆ ಒಂದು ಮೊಳೆ ಹೊಡೆಯಲ್ಲ."

ಅವನು ಟೀ ಮುಗಿಸಿ, ಲೋಟ ತೊಳೆದಿಟ್ಟು, ಆಮೇಲೆ ಕೇಳಿದ, "ಯಾವ ದಿಕ್ಕಿಗೆ ಮುಖ?"

"ಪಡುವಣಕ್ಕೆ."

"ಸಂಜೆ ಬಿಸಿಲು ಹೊಡಿಯುತ್ತೆ. ನೋಡಣ. ಈಗ ಆಗಲ್ಲ ಕಣೋ, ಯಶೋದಮ್ಮನ ಮನೇಲಿ ಹುಳು ಹಣ್ಣಾಗಿ ಗೂಡು ಕಟ್ತಾ ಐತೆ. ಈ ಬೆಳೆ ಇಳೀಲಿ."

ಗೋಡೆಗೆ ಸುಣ್ಣ ಹೊಡೆಸಿ ಇಟ್ಟಿದ್ದೇನೆ. ಗುಡಿಯಲ್ಲಿದ್ದ ಅವನ ಗೋಡೆ ಒಂದನ್ನು ಮುಚ್ಚಿಸಿದವನು ನಾನು. ಅವನು ಬಂದು ಬರೆಯುವ ತನಕ ನನ್ನ ಲೆಕ್ಕದಲ್ಲಿ ಕೋನಪ್ಪನಿಗೆ ಒಂದು ಗೋಡೆ ಬಾಕಿ.